ದೊಡ್ಡಮ್ಮನಿಗೊಂದು ಇಂಟರ್‌ನೆಟ್

ನಮ್ಮ ಮನೆಯ ಟೆರೇಸಿನ ಮೇಲೆ ಒಂದು ನೀಲಿ ತಂತಿ ಇದೆ. ನೀರಿನ ಟ್ಯಾಂಕಿನ ಪೈಪಿನಿಂದ ಹೊರಟು, ಪಕ್ಕದ ಮನೆ ಸರೋಜಮ್ಮನವರ ಗೋಡೆಯ ಮೊಳೆಗೆ ಸುತ್ತಿಕೊಂಡು, ಅಲ್ಲಿಂದ ಮುಂದೆ ಎಲ್ಲಿಗೂ ಹೋಗದೆ ತುಂಡಾಗಿ ನೇತಾಡುತ್ತದೆ. ಮೊನ್ನೆ ಟ್ಯಾಂಕು ತೊಳೆಯಲು ಬಂದವನು, "ಸಾರ್, ಇದ್ಯಾವ್ದೋ ಹಳೇ ವೈರು, ಕಿತ್ ಬಿಸಾಕ್ಲಾ?" ಎಂದು ಕೇಳಿದ. ಬೇಡ ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದವರಿಗೆ ಚುಟುಕಾಗಿ ಹೇಳಿ, ಕೇಳದವರಿಗೆ ವಿಸ್ತಾರವಾಗಿ ಹೇಳುವುದು ನನ್ನ ಹಳೆಯ ಚಾಳಿ. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ.

ಮೊದಲೇ ಎಚ್ಚರಿಸಿಬಿಡುತ್ತೇನೆ, ಇದು ಸುಸ್ತಿನ ಕಥೆ. ಆ ತಂತಿಯನ್ನು ನೋಡಿದರೆ ನನಗೆ ಈಗಲೂ ಮೊದಲು ಬರುವುದು ಆಕಳಿಕೆ. ಆಫೀಸಿನಲ್ಲಿ ಯಾರಾದರೂ ಮನೆಗೆ ಇಂಟರ್‌ನೆಟ್ ಹಾಕಿಸಬೇಕೆಂದರೆ ನನ್ನ ಟೇಬಲ್ಲಿಗೆ ಬರುತ್ತಾರೆ. ಕಂಪ್ಯೂಟರಿನ ಬಗ್ಗೆ ನನಗೇನೋ ಗೊತ್ತು ಎಂದಲ್ಲ. ನನಗೆ ಬರುವುದು ಅದನ್ನು ಆನ್ ಮಾಡುವುದು, ಇಸ್ಪೀಟು ಆಡುವುದು, ಆಫ್ ಮಾಡುವುದು. ಆದರೆ ಎಲ್ಲ ಕಾಯಿಲೆಯೂ ಬಂದು ಹೋದವನ ಹತ್ತಿರ ಜನ ಔಷಧಿ ಕೇಳುತ್ತಾರಲ್ಲ, ಆ ಲೆಕ್ಕ. ಈ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಸಿಗುವ ಎಲ್ಲ ನಮೂನೆಯ ಇಂಟರ್‌ನೆಟ್ಟೂ ನಮ್ಮ ಚಂದ್ರಾ ಲೇಔಟಿನ ಮನೆಗೆ ಬಂದು, ಕೂತು, ಕಾಫಿ ಕುಡಿದು, ಎದ್ದು ಹೋಗಿದೆ.

ಇದಕ್ಕೆಲ್ಲ ಕಾರಣ ದೊಡ್ಡಮ್ಮ, ಅಂದರೆ ನಮ್ಮಮ್ಮನ ಅಕ್ಕ. ಅಮ್ಮ ನಾನು ಸಣ್ಣವನಿದ್ದಾಗಲೇ ತೀರಿಕೊಂಡಳು. ಗಂಡ ಬೇಗನೆ ತೀರಿಕೊಂಡು, ಮಕ್ಕಳೂ ಇಲ್ಲದೆ ತವರಿನಲ್ಲಿದ್ದ ದೊಡ್ಡಮ್ಮ ಒಂದು ಟ್ರಂಕು ಹಿಡಿದು ಬಿನ್ನಿಪೇಟೆಯ ನಮ್ಮ ವಠಾರಕ್ಕೆ ಬಂದವಳು ಮತ್ತೆ ಹೋಗಲಿಲ್ಲ. ನನ್ನನ್ನು ಬೆಳೆಸಿದಳು, ನನಗೆ ಮದುವೆ ಮಾಡಿದಳು, ನಮ್ಮ ಜೊತೆ ಚಂದ್ರಾ ಲೇಔಟಿಗೂ ಬಂದಳು. ಅವಳಿಗೆ ಕಿವಿ ಕೇಳಿಸುವುದಿಲ್ಲ. ಹರೆಯದಲ್ಲಿ ಯಾವುದೋ ವಿಷಮ ಜ್ವರ ಬಂದು, ಜ್ವರ ಇಳಿಯಿತು, ಕಿವಿಯೂ ಅದರ ಜೊತೆ ಹೋಯಿತು. ಮಾತು ಉಳಿಯಿತು. ಆದರೆ ತನ್ನ ದನಿ ತನಗೇ ಕೇಳಿಸದ್ದರಿಂದ ಅವಳು ನಮ್ಮ ಜೊತೆ ಆಡುವ ಮಾತು ಮೂರನೇ ಕ್ರಾಸಿನವರೆಗೂ ಮುಟ್ಟುತ್ತದೆ. ಸಾರಿಗೆ ಉಪ್ಪು ಕಡಿಮೆಯಾದರೆ ಇಡೀ ರಸ್ತೆಗೆ ಗೊತ್ತಾಗುತ್ತದೆ.

ನಾವು ಮಾತಾಡಿದ್ದನ್ನು ಅವಳು ತುಟಿ ನೋಡಿ ತಿಳಿಯುತ್ತಾಳೆ. ಆದರೆ ಅದು ಅರ್ಧ ಓದು, ಅರ್ಧ ಊಹೆ. "ಬಸ್ಸು ಬಂತಾ" ಎಂದರೆ "ಮೊಸರು ಬೇಕಾ" ಎಂದು ತಂದು ಬಡಿಸಿದ್ದೂ ಉಂಟು. ಪೂರ್ತಿಯಾಗಿ, ಒಂದಕ್ಷರ ಬಿಡದೆ ಅವಳು ಓದುತ್ತಿದ್ದದ್ದು ಒಬ್ಬರ ತುಟಿಯನ್ನು ಮಾತ್ರ, ಚಿಕ್ಕಮ್ಮನದು.

ಚಿಕ್ಕಮ್ಮ ಮೂವರಲ್ಲಿ ಕಡೆಯವಳು. ಅಕ್ಕನಿಗೆ ಕಿವಿ ಹೋದಾಗ ಅವಳಿನ್ನೂ ಲಂಗ ಹಾಕುವ ಹುಡುಗಿ. ಮನೆಯವರೆಲ್ಲ ಅಕ್ಕನ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಕೂಗಿ ಸಾಕಾಗಿ ಬಿಟ್ಟರಂತೆ. ಈ ಹುಡುಗಿ ಮಾತ್ರ ಹೇಗೂ ಕೇಳಿಸದ ಮೇಲೆ ದನಿ ಯಾಕೆ ದಂಡ ಎಂದುಕೊಂಡು, ದನಿಯನ್ನೇ ತೆಗೆದುಹಾಕಿ ಬರೀ ತುಟಿಯಲ್ಲಿ ಮಾತಾಡಲು ಶುರು ಮಾಡಿದಳು. ಅಕ್ಕನೂ ಅವಳ ಜೊತೆ ಹಾಗೇ. ಕೂಡುಕುಟುಂಬದ ಮನೆಯಲ್ಲಿ ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ ನೋಡಿ. ಅಜ್ಜಿಯ ಎದುರಿಗೇ ಕೂತು ಅಜ್ಜಿಯ ಬಗ್ಗೆ ಮಾತಾಡಬಹುದು. ನಡುವಿನವಳಾದ ನಮ್ಮಮ್ಮ ಆಗಲೇ ಮದುವೆಯಾಗಿ ಹೋಗಿದ್ದಳು, ಅವಳಿಗೂ ಆ ಭಾಷೆ ಬರುತ್ತಿರಲಿಲ್ಲ.

ನಾನು ಕಂಡ ಎಷ್ಟೋ ಮದುವೆ ಮನೆಗಳಲ್ಲಿ ದೊಡ್ಡಮ್ಮ ಅಡುಗೆ ಮನೆಯ ಬಾಗಿಲಲ್ಲಿ, ಚಿಕ್ಕಮ್ಮ ಮಂಟಪದ ಹತ್ತಿರ. ನಡುವೆ ಓಲಗ, ಗಲಾಟೆ, ಮಕ್ಕಳ ಅಳು. ಇಬ್ಬರ ತುಟಿಗಳೂ ಆಡುತ್ತಿರುತ್ತಿದ್ದವು. ಇದ್ದಕ್ಕಿದ್ದ ಹಾಗೆ ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಾತಿಗೆ ದನಿ ಇರಲಿಲ್ಲ, ಆದರೆ ನಗುವಿನ ದನಿಯನ್ನು ತಡೆಯುವುದು ಅವಳಿಗೆ ಯಾವತ್ತೂ ಬರಲಿಲ್ಲ. ಗೊಳ್ ಎಂದು ನಕ್ಕರೆ ಓಲಗದವರು ತಿರುಗಿ ನೋಡುತ್ತಿದ್ದರು, ಗಂಡಿನ ಕಡೆಯವರು ಪಂಚೆ ಸರಿಮಾಡಿಕೊಳ್ಳುತ್ತಿದ್ದರು. ನಾನು ನಡುವೆ ನಿಂತು ಚಿಕ್ಕಮ್ಮನ ತುಟಿಯನ್ನೇ ದಿಟ್ಟಿಸಿ ಏನಾದರೂ ಸಿಗುತ್ತದಾ ಎಂದು ನೋಡುತ್ತಿದ್ದೆ. ಸಿಕ್ಕಿದ್ದು ತಲೆಯ ಮೇಲೊಂದು ಮೊಟಕು. "ದೊಡ್ಡೋರ ಮಾತು ನೋಡ್ಬಾರ್ದು" ಎಂದು ದೊಡ್ಡಮ್ಮ ಗದರುತ್ತಿದ್ದಳು. ಬೇರೆ ಮನೆಗಳಲ್ಲಿ ಮಕ್ಕಳು ಕದ್ದು ಕೇಳುತ್ತವೆ, ನಮ್ಮ ಮನೆಯಲ್ಲಿ ಕದ್ದು ನೋಡಬೇಕಾಗಿತ್ತು.

ಚಿಕ್ಕಮ್ಮ ಇದ್ದದ್ದು ಹಿರಿಯೂರಿನ ಆಚೆಯ ಒಂದು ಹೋಬಳಿಯಲ್ಲಿ. ವರ್ಷಕ್ಕೊಂದು ಸಲ ಬಂದು ನಮ್ಮ ಮನೆಯಲ್ಲಿ ಒಂದಿಷ್ಟು ದಿನ ಇದ್ದು ಹೋಗುತ್ತಿದ್ದಳು. ಚಿಕ್ಕಪ್ಪ ಬಟ್ಟೆ ಅಂಗಡಿಯ ಏಣಿಯಿಂದ ಬಿದ್ದು ಹಾಸಿಗೆ ಹಿಡಿದ ಮೇಲೆ ಅವಳಿಗೆ ಮನೆ ಬಿಡಲು ಆಗಲಿಲ್ಲ. ದೊಡ್ಡಮ್ಮನೇ ಹೋಗೋಣವೆಂದರೆ, ಕಿವಿ ಕೆಡಿಸಿದ ಆ ಜ್ವರ ಅವಳಿಗೆ ತಲೆಸುತ್ತನ್ನೂ ಕೊಟ್ಟು ಹೋಗಿತ್ತು. ವಯಸ್ಸಾದಂತೆ ಅದು ಜಾಸ್ತಿಯಾಯಿತು. ಬಸ್ಸು, ಕಾರು, ಆಟೋ ಯಾವುದು ಹತ್ತಿದರೂ ಭೂಮಿ ತಿರುಗುತ್ತದೆ. ಒಂದು ಸಲ ಧೈರ್ಯ ಮಾಡಿ ಕಾರಿನಲ್ಲಿ ಕರೆದುಕೊಂಡು ಹೊರಟು ನೆಲಮಂಗಲದಿಂದಲೇ ವಾಪಸ್ಸು ಬಂದೆವು. ಡಾಕ್ಟರು ಇನ್ನು ಪ್ರಯಾಣ ಬೇಡವೇ ಬೇಡ ಎಂದರು.

ಕಾಗದ ಬರೆಯಬಹುದಿತ್ತಲ್ಲ ಎನ್ನುತ್ತೀರಿ. ಚಿಕ್ಕಮ್ಮನಂಥ ಮಾತುಗಾರ್ತಿ ಪೆನ್ನು ಹಿಡಿದರೆ "ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ" ಎಂಬಲ್ಲಿಗೆ ಮುಗಿದುಹೋಗುತ್ತಿದ್ದಳು. ದೊಡ್ಡಮ್ಮ ಕಾರ್ಡಿನ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ರಲ್ಲಿ ಅವಳೆಲ್ಲಿದಾಳೋ?" ಎಂದು ಕೇಳುತ್ತಿದ್ದಳು. ಫೋನಿನಲ್ಲಿ ಚಿಕ್ಕಮ್ಮ ನನಗೆ ಹೇಳಿ, ನಾನು ದೊಡ್ಡಮ್ಮನಿಗೆ ತುಟಿಯಲ್ಲಿ ಹೇಳುವ ಏರ್ಪಾಡೂ ನಡೆಯಿತು. ಎರಡು ನಿಮಿಷಕ್ಕೆ ಚಿಕ್ಕಮ್ಮನಿಗೆ ಸಾಕಾಗುತ್ತಿತ್ತು. "ನಿಂಗೆ ಹೇಳಿದ್ರೆ ಅಕ್ಕಂಗೆ ಹೇಳ್ದಂಗೆ ಆಗಲ್ಲ ಕಣಪ್ಪ. ಇರ್ಲಿ ಬಿಡು" ಎನ್ನುತ್ತಿದ್ದಳು. ಅವರಿಬ್ಬರು ಒಬ್ಬರ ಮುಖ ಒಬ್ಬರು ನೋಡಿ ನಾಲ್ಕು ವರ್ಷವಾಗುತ್ತ ಬಂದಿತ್ತು. ಮನೆಯಲ್ಲಿ ದೊಡ್ಡಮ್ಮನ ಆ ನಗು ನಿಂತು ಹೋಗಿತ್ತು. ಅದರಿಂದ ನನಗೆ ಸಂಕಟವಾಗುತ್ತಿತ್ತು.

ಆಗ ದಾರಿ ತೋರಿಸಿದವಳು ಚಿಕ್ಕಮ್ಮನ ಸೊಸೆ ಗೀತಾ. ಆ ಹೋಬಳಿಯ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದಳು. "ಭಾವ, ನಾನು ಮನೇಗೆ ಕ್ಯಾಮ್ರಾ ತಂದೀನಿ. ನೀವೂ ಒಂದು ತಗಳ್ರಿ. ಮುಖ ನೋಡ್ಕಂಡು ಮಾತಾಡ್ಬೋದು" ಎಂದಳು. ಮೊದಲು ದೊಡ್ಡಮ್ಮನನ್ನು ನಡೆಸಿಕೊಂಡು ವಿಜಯನಗರದ ಒಂದು ಸೈಬರ್ ಸೆಂಟರಿಗೆ ಹೋದೆ. ಪ್ಲೈವುಡ್ಡಿನ ಗೂಡು, ಮುಂದೊಂದು ಪರದೆ, ಅಕ್ಕಪಕ್ಕದ ಗೂಡುಗಳಲ್ಲಿ ಕಾಲೇಜು ಹುಡುಗರು. ಕಂಪ್ಯೂಟರಿನ ಪರದೆಯ ಮೇಲೆ ಬೆರಳಷ್ಟು ದೊಡ್ಡ ಚಿಕ್ಕಮ್ಮ ಮೂಡಿದಳು. ತುಟಿ ಬಿಚ್ಚಿದಳು, ಹಾಗೇ ನಿಂತಳು. ಎಷ್ಟೋ ಹೊತ್ತಿನ ಮೇಲೆ ತುಟಿ ಮುಚ್ಚಿದ ಚಿಕ್ಕಮ್ಮ ಬಂದಳು. ನಡುವೆ ಏನು ಹೇಳಿದಳೋ ಅದು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. "ಇದೇನೋ ಫೋಟೋ ತೋರಿಸ್ತಾ ಇದೀಯಾ?" ಎಂದು ದೊಡ್ಡಮ್ಮ ತನ್ನ ಎಂದಿನ ದನಿಯಲ್ಲಿ ಕೇಳಿದಳು. ಸೈಬರ್ ಸೆಂಟರಿನಲ್ಲಿ ಅದುವರೆಗೆ ಪರದೆ ಎಳೆದುಕೊಂಡಿದ್ದ ಎಷ್ಟೋ ಗೂಡುಗಳು ತೆರೆದುಕೊಂಡವು.

ನಮ್ಮ ಮನೆಗೆ ಬೇಕಾಗಿದ್ದದ್ದು ತುಟಿ ಓದುವ ಇಂಟರ್‌ನೆಟ್ ಎಂದು ನನಗೆ ಆಗ ಗೊತ್ತಾಯಿತು. ಬೇರೆಯವರಿಗೆ ಚಿತ್ರ ನಿಂತರೂ ಮಾತು ಕೇಳಿಸಿದರೆ ಸಾಕು. ನಮಗೆ ಮಾತು ಬೇಡವೇ ಬೇಡ, ಚಿತ್ರ ಒಂದು ಕ್ಷಣವೂ ನಿಲ್ಲಬಾರದು. ಇದನ್ನು ಕಸ್ಟಮರ್ ಕೇರಿನವರಿಗೆ ತಿಳಿಸುವುದರಲ್ಲಿ ನನ್ನ ಆಯಸ್ಸಿನ ಒಂದು ಭಾಗ ಕಳೆದಿದೆ. "ಸಾರ್, ವಾಯ್ಸ್ ಕ್ಲಿಯರ್ ಇದ್ಯಾ?" ಎಂದು ಕೇಳುತ್ತಿದ್ದರು. ವಾಯ್ಸ್ ನಮಗೆ ಬೇಡ ಎನ್ನುತ್ತಿದ್ದೆ. "ವಿಡಿಯೋ ಆಫ್ ಮಾಡಿ ನೋಡಿ ಸಾರ್, ವಾಯ್ಸ್ ಚೆನ್ನಾಗ್ ಬರತ್ತೆ" ಎನ್ನುತ್ತಿದ್ದರು. ನಾನು ಫೋನಿಡುತ್ತಿದ್ದೆ.

ಒಂದು ಹಳೆಯ ಕಂಪ್ಯೂಟರು, ಒಂದು ಕ್ಯಾಮೆರಾ ಮನೆಗೆ ಬಂದವು. ಆಮೇಲೆ ಶುರುವಾಯಿತು ಇಂಟರ್‌ನೆಟ್ ಹುಡುಕಾಟ. ಮೊದಲು ಫೋನಿನ ತಂತಿಯಲ್ಲೇ ಬರುವ ಡಯಲಪ್ಪು. ಅದು ಗೊರಗೊರ ಎಂದು ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಬೆಳಗಾಗುತ್ತಿತ್ತು, ಮೇಲಾಗಿ ಚಿಕ್ಕಮ್ಮನ ಮನೆಗೆ ಫೋನು ಮಾಡಿ "ಕೂತಿದ್ದೀವಿ, ಬನ್ನಿ" ಎನ್ನುವುದಕ್ಕೂ ಫೋನು ಇಲ್ಲ. ಸರ್ಕಾರಿ ಬ್ರಾಡ್‌ಬ್ಯಾಂಡು ಬಂತು ಎಂದರು. ಅರ್ಜಿ ಕೊಟ್ಟು ತಿಂಗಳುಗಳಾದ ಮೇಲೆ ಬಂದವರು, ನಿಮ್ಮ ಮನೆ ಎಕ್ಸ್‌ಚೇಂಜಿಗೆ ದೂರ, ಆಗೋದಿಲ್ಲ ಎಂದು ಹೇಳಿ ನೀರು ಕುಡಿದು ಹೋದರು.

ಬೇರೆ ಕಡೆ ಹೇಗಿದೆ ನೋಡೋಣ ಎಂದು ಸಹೋದ್ಯೋಗಿಗಳ ಮನೆಗಳಿಗೆ ಹೋಗತೊಡಗಿದೆ. ಪ್ರತಿಯೊಬ್ಬನೂ ತನ್ನ ರಸ್ತೆಯ ಇಂಟರ್‌ನೆಟ್ಟನ್ನು ತಾನೇ ಹೆತ್ತವನ ಹಾಗೆ ಹೊಗಳುತ್ತಿದ್ದ. ರಾಜಾಜಿನಗರದವನು ಜೋಗದ ಜಲಪಾತದ ಚಿತ್ರ ತೆರೆದು, "ನೋಡ್ತಾ ಇರಿ ಸಾರ್, ಕಣ್ಮುಚ್ಚಿ ತೆಗೆಯೋದ್ರಲ್ಲಿ" ಎಂದ. ಬಜ್ಜಿ ತಿಂದು ಕಾಫಿ ಕುಡಿಯುವ ಹೊತ್ತಿಗೆ ಜಲಪಾತ ಅರ್ಧ ಬಿದ್ದಿತ್ತು. ಬಸವೇಶ್ವರನಗರದವನ ಮನೆಯ ಮೇಲೊಂದು ತಟ್ಟೆ ಇತ್ತು, ಗಾಳಿಯಲ್ಲೇ ಬರುತ್ತದೆ ಎಂದ. ಬರುತ್ತಿತ್ತು, ಆದರೆ ಅದೇ ಗಾಳಿಗೆ ಎದುರು ಮನೆಯ ತೆಂಗಿನ ಗರಿ ಅಲ್ಲಾಡಿದರೆ ನಿಲ್ಲುತ್ತಿತ್ತು. ಆರ್‌ಪಿಸಿ ಲೇಔಟಿನಲ್ಲಿ ಒಂದು ರಸ್ತೆಗೆ ಇದೆ, ಹಿಂದಿನ ರಸ್ತೆಗೆ ಇಲ್ಲ. ಕೆಂಗೇರಿಯವನು ಮಾತ್ರ, "ನಮ್ ಕಡೆ ಯಾವನೂ ತಿರುಗಿ ನೋಡಲ್ಲ ಗುರು, ನೆಮ್ಮದಿಯಾಗಿದೀವಿ" ಎಂದ. ಅವನೊಬ್ಬನ ಮುಖದಲ್ಲೇ ನಾನು ಕಳೆ ಕಂಡದ್ದು. ಹುಬ್ಬಳ್ಳಿಗೆ, ದಾವಣಗೆರೆಗೆ ಫೋನು ಮಾಡಿ ಅಲ್ಲಿನ ಸುದ್ದಿಯನ್ನೂ ವಿಚಾರಿಸಿದೆ. ನನ್ನ ಹೆಂಡತಿ ಲತಾ ಇದನ್ನೆಲ್ಲ ನೋಡಿ, "ನೀವು ಇಂಟರ್‌ನೆಟ್ ಹಾಕಿಸ್ತಾ ಇದೀರೋ, ಹೆಣ್ಣು ನೋಡ್ತಾ ಇದೀರೋ? ಹೋದಲ್ಲೆಲ್ಲ ಬಜ್ಜಿ ತಿಂದ್ಕೊಂಡ್ ಬರ್ತಿದೀರ" ಎಂದಳು.

ನಮಗೆ ನಾಚಿಕೆಯಾಗುವ ಸಂಗತಿಯೆಂದರೆ ಚಿಕ್ಕಮ್ಮನ ಹೋಬಳಿಯ ಇಂಟರ್‌ನೆಟ್ಟು ಇವೆಲ್ಲಕ್ಕಿಂತ ಚೆನ್ನಾಗಿತ್ತು. ಅಲ್ಲಿ ಇದ್ದದ್ದು ಒಂದೇ ಸರ್ಕಾರಿ ಎಕ್ಸ್‌ಚೇಂಜು, ಅದು ಅವರ ಮನೆಯ ಎದುರಿಗೇ. ಗಿರಾಕಿಗಳೆಂದರೆ ಪಂಚಾಯ್ತಿ, ಹೈಸ್ಕೂಲು, ಗೀತಾ. ಹೊಸ ಕೆರೆಯಲ್ಲಿ ಮೂರೇ ಎಮ್ಮೆ ಇದ್ದ ಹಾಗೆ ಆರಾಮ. ಅವರ ತೊಂದರೆ ಬೇರೆ, ಕರೆಂಟಿನದು. ವಾರವೆಲ್ಲ ಯಾವಾಗ ಹೋಗುತ್ತದೋ ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ. ನಂಬಬಹುದಾದದ್ದು ಭಾನುವಾರ ಬೆಳಗಿನ ಹೊತ್ತು ಮಾತ್ರ. ಹಾಗಾಗಿ ಅಕ್ಕತಂಗಿಯರ ಮಾತಿಗೆ ಭಾನುವಾರ ತಿಂಡಿಯಾದ ಮೇಲಿನ ಹೊತ್ತು ಎಂದು ಗೊತ್ತುಮಾಡಿಕೊಂಡೆವು.

ಕೊನೆಗೆ ನಮ್ಮ ರಸ್ತೆಗೆ ಮಂಜು ಬಂದ. ಗದಗಿನ ಕಡೆಯವನು, ಕೇಬಲ್ ಟಿವಿಯವರ ಹತ್ತಿರ ಕೆಲಸ ಮಾಡುತ್ತ, ಅದರ ಜೊತೆ ಅವರ ಇಂಟರ್‌ನೆಟ್ಟನ್ನೂ ಮನೆಮನೆಗೆ ಎಳೆಯುತ್ತಿದ್ದ. ಅವನ ಇಂಟರ್‌ನೆಟ್ಟು ನೆಲದಲ್ಲಿ ಬರುತ್ತಿರಲಿಲ್ಲ, ಟೆರೇಸಿನಿಂದ ಟೆರೇಸಿಗೆ, ಕಪ್ಪು ಟೇಪಿನ ಗಂಟುಗಳ ಮೇಲೆ ನಡೆದು ಬರುತ್ತಿತ್ತು. ಸರೋಜಮ್ಮನವರ ಗೋಡೆಯಿಂದ ನಮ್ಮ ಟ್ಯಾಂಕಿಗೆ ನೀಲಿ ತಂತಿಯನ್ನು ಬಿಗಿಯಾಗಿ ಎಳೆದು ಕಟ್ಟಿದ. "ನೋಡ್ರಿ ಸರ, ಇನ್ನ ನಿಮಗ ಚಿಂತಿ ಇಲ್ಲ" ಎಂದ. ಗುರುವಾರ ಸ್ಕೂಲಿನ ಕಂಪ್ಯೂಟರಿನಿಂದ ಗೀತಾ ಪರದೆಯ ಮೇಲೆ ಬಂದಳು, ಮುಖ ಸರಾಗವಾಗಿ ಆಡಿತು. ಪರದೆಯ ಮೇಲೆ ಹಸಿರು ಗುಂಡಿ ಕಂಡರೆ ಒತ್ತಬೇಕು ಎಂದು ದೊಡ್ಡಮ್ಮನಿಗೂ ಕಲಿಸಿದೆ. ಅವಳು ಅದನ್ನು ಒಲೆಯ ಮೇಲಿನ ಹಾಲು ನೋಡುವಷ್ಟು ನಿಗಾದಿಂದ ಕಲಿತಳು.

ಭಾನುವಾರ ಬಂತು. ಚಿಕ್ಕಮ್ಮ ಮೂಡಿದಳು, ಬಾಯಿ ತೆರೆದಳು, ಅಲ್ಲೇ ನಿಂತಳು.

ಮುಂದಿನ ಭಾನುವಾರವೂ ಅದೇ. ಅದರ ಮುಂದಿನದ್ದೂ ಅದೇ. ಸೋಮವಾರ ಮಂಜು ಬಂದು ನೋಡಿದರೆ ಎಲ್ಲ ಸರಿಯಾಗಿರುತ್ತಿತ್ತು. "ಎಲ್ಲಾ ಓಕೆ ಐತಲ್ರೀ ಸರ. ಆಯ್ತವಾರ ಎಲ್ಲಾರೂ ಮನ್ಯಾಗ ಇರ್ತಾರ, ಲೋಡ್ ಭಾಳ ಆಗ್ತೈತಿ" ಎನ್ನುತ್ತಿದ್ದ. ನನಗೂ ಅದು ಸರಿ ಎನಿಸಿತು. ರಜೆಯ ದಿನ ಊರಿಗೆ ಊರೇ ಕೂತು ಇಂಟರ್‌ನೆಟ್ಟು ಕುಡಿಯುತ್ತಿದ್ದರೆ ನಮ್ಮ ಪಾಲಿಗೆ ಎಷ್ಟು ಉಳಿದೀತು? ಅತ್ತ ಗೀತಾ ಫೋನಿನಲ್ಲಿ, "ನಮ್ ಕಡೆ ಎಲ್ಲ ಚೆನ್ನಾಗೈತೆ ಭಾವ. ನಿಮ್ ಬೆಂಗ್ಳೂರ್ ಕಡೇನೇ ನಿಂತೋಗೈತೆ" ಎನ್ನುತ್ತಿದ್ದಳು. ಅದರಲ್ಲಿ ಕುಹಕವೇನೂ ಇರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಒಂದು ಡಾಟಾ ಕಾರ್ಡು ತಂದೆ, ಅದಕ್ಕೆ ನಮ್ಮ ಮನೆಯಲ್ಲಿ ಸಿಗ್ನಲ್ಲು ಸಿಕ್ಕಿದ್ದು ಬಚ್ಚಲಿನ ಕಿಟಕಿಯಲ್ಲಿ ಮಾತ್ರ. ವಾಪಸ್ಸು ಕೊಟ್ಟೆ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿತ್ತು. ಶನಿವಾರ ಸಂಜೆಯಾಗುತ್ತಲೇ ತಲೆ ಭಾರವಾಗುತ್ತಿತ್ತು. ಬೇರೆಯವರು ಸೋಮವಾರಕ್ಕೆ ಹೆದರುತ್ತಾರೆ, ನಾನು ಭಾನುವಾರಕ್ಕೆ ಹೆದರುತ್ತಿದ್ದೆ.

ಪ್ರತಿ ವಾರ ದೊಡ್ಡಮ್ಮ ಮಾತ್ರ ಹೊಸದಾಗಿ ಬಂದು ಕೂರುತ್ತಿದ್ದಳು. ಅವರ ಅಮ್ಮನ ಕಾಲದ ಒಂದು ಕಟ್ಟಳೆ ಇತ್ತು, ಒಗೆಯುವ ಕೆಲಸ ಮುಗಿಯದೆ ಅಕ್ಕತಂಗಿಯರು ಹರಟೆಗೆ ಕೂರುವ ಹಾಗಿಲ್ಲ. ಆ ಅಮ್ಮ ಹೋಗಿ ಎಷ್ಟು ಕಾಲವಾಗಿತ್ತೋ, ದೊಡ್ಡಮ್ಮ ಅದನ್ನು ಬಿಟ್ಟಿರಲಿಲ್ಲ. ಭಾನುವಾರ ಬೆಳಿಗ್ಗೆ ಅವಳೇ ತನ್ನ ಸೀರೆ, ಹೊದಿಕೆ ಒಗೆದು, ಮೆಟ್ಟಿಲು ಹತ್ತಿ ಹರವಿ ಬಂದು, ಕೈ ಒರೆಸಿಕೊಂಡು, ಕುಂಕುಮ ಸರಿಮಾಡಿಕೊಂಡು ಕ್ಯಾಮೆರಾದ ಮುಂದೆ ಕೂರುತ್ತಿದ್ದಳು. ವಿಧವೆಗೆ ಕುಂಕುಮ ಏಕೆ ಎಂದು ಯಾರೋ ಒಮ್ಮೆ ಕೇಳಿದ್ದಕ್ಕೆ, ಕಿವಿ ಕೇಳಿಸದವಳ ಹಾಗೆ ಸುಮ್ಮನಿದ್ದವಳು ಅವಳು. ಚಿತ್ರ ನಿಂತರೆ ತಂಗಿಯ ನಿಂತ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಸೊರಗಿದಾಳೆ" ಎಂದು ಎದ್ದು ಹೋಗುತ್ತಿದ್ದಳು.

ಹೀಗಿರುವಾಗ ಒಂದು ಬುಧವಾರ ಗೀತಾ ಫೋನು ಮಾಡಿದಳು. ಚಿಕ್ಕಮ್ಮನ ಹಲ್ಲೆಲ್ಲ ಅಲ್ಲಾಡುತ್ತಿವೆ, ಹಿರಿಯೂರಿನ ಡಾಕ್ಟರು ಮುಂದಿನ ಮಂಗಳವಾರ ಎಲ್ಲವನ್ನೂ ಕೀಳುತ್ತಾರೆ, ಆಮೇಲೆ ಕಟ್ಟಿಸುವ ಹಲ್ಲು ಎಂದಳು. ಇದನ್ನು ನಾನು ದೊಡ್ಡಮ್ಮನಿಗೆ ಹೇಳಿದೆ. ಹಲ್ಲು ಕೀಳಿಸಿಕೊಳ್ಳುವುದು ಅಂಥ ದೊಡ್ಡ ವಿಷಯವೇ ಎನ್ನುವ ಹಾಗೆ ಹೇಳಿದೆ. ಅವಳು ಹುರುಳಿಕಾಯಿ ಮುರಿಯುತ್ತಿದ್ದ ಕೈ ನಿಲ್ಲಿಸಿದಳು.

"ಹಲ್ಲು ಹೋದ್ರೆ ಅವಳ ತುಟಿ ಒಳಕ್ಕೆ ಹೋಗತ್ತೆ" ಎಂದಳು. ಆ ದಿನ ಅವಳ ದನಿ ನಮ್ಮ ಅಡುಗೆ ಮನೆ ದಾಟಲಿಲ್ಲ. "ಕಟ್ಟಿಸಿದ ಹಲ್ಲಲ್ಲಿ ಬಾಯಿ ಬೇರೆ ಥರ ಆಗತ್ತೆ. ನಂಗೆ ಅವಳ ಮಾತು ತಿಳಿಯತ್ತೋ ಇಲ್ವೋ."

ನನಗೆ ಅದು ಹೊಳೆದೇ ಇರಲಿಲ್ಲ. ಇಡೀ ಪ್ರಪಂಚದಲ್ಲಿ ಅವಳಿಗೆ ಪೂರ್ತಿ ಓದಲು ಬರುತ್ತಿದ್ದ ಒಂದೇ ಒಂದು ತುಟಿ ಮಂಗಳವಾರ ಬದಲಾಗುತ್ತಿತ್ತು. ನಡುವೆ ಉಳಿದದ್ದು ಒಂದು ಭಾನುವಾರ.

ಆ ಮೂರು ದಿನ ನಾನು ಮಂಜುವಿನ ಪ್ರಾಣ ತಿಂದೆ. ಅವನು ಪಾಪ, ತಂತಿ ಬಂದು ಸೇರುವ ಪೆಟ್ಟಿಗೆ ಬದಲಿಸಿದ, ತುದಿಯ ಪ್ಲಗ್ಗು ಬದಲಿಸಿದ, "ಸರ, ಇದಕ್ಕಿಂತ ಛಲೋ ಇಡೀ ಏರಿಯಾದಾಗ ಯಾರ ಮನ್ಯಾಗೂ ಇಲ್ಲ" ಎಂದು ಆಣೆ ಹಾಕಿದ. ಶುಕ್ರವಾರ ಚೆನ್ನಾಗಿತ್ತು. ಶನಿವಾರ ಚೆನ್ನಾಗಿತ್ತು. ಲತಾ ಭಾನುವಾರ ಬೆಳಿಗ್ಗೆ ತವರಿನ ಕಡೆ ನಾಮಕರಣಕ್ಕೆಂದು ಹೊರಟು ಬಾಗಿಲಲ್ಲಿ ನಿಂತು, "ಇವತ್ತಾದ್ರೂ ಬರ್ಲಪ್ಪ" ಎಂದು ಕಂಪ್ಯೂಟರಿಗೂ ಒಂದು ಕೈ ಮುಗಿದು ಹೋದಳು.

ದೊಡ್ಡಮ್ಮ ಒಗೆದಳು, ಹರವಿ ಬಂದಳು, ಕೂತಳು. ಗೀತಾ ಕರೆದಳು, ಹಸಿರು ಗುಂಡಿ ಬಂತು, ದೊಡ್ಡಮ್ಮ ಒತ್ತಿದಳು. ಚಿಕ್ಕಮ್ಮ ಮೂಡಿದಳು. ಅವಳೂ ಒಳ್ಳೆಯ ಸೀರೆ ಉಟ್ಟಿದ್ದಳು. ಕಣ್ಣರಳಿಸಿದಳು, ಬಾಯಿ ತೆರೆದಳು, ನಿಂತಳು. ನಾನು ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಬಂದಳು, ಮತ್ತೆ ನಿಂತಳು. ನನಗೆ ಅಳು ಬರುವಂತಾಯಿತು, ಹೇಳಲು ನಾಚಿಕೆಯೇನಿಲ್ಲ.

ದೊಡ್ಡಮ್ಮ ನನ್ನ ಮುಖ ನೋಡಿದಳು. ತುಟಿಯನ್ನಲ್ಲ, ಮುಖವನ್ನು.

"ಸಾಕು ಬಿಡೋ. ಎಷ್ಟೂಂತ ಒದ್ದಾಡ್ತೀಯ" ಎಂದಳು. ನನ್ನನ್ನು ಅಲ್ಲಿಂದ ಎಬ್ಬಿಸಬೇಕು ಎಂದೇ ಇರಬೇಕು, "ಮೇಲೆ ಹೋಗಿ ನನ್ ಸೀರೆ ಹಾರೋಗಿದ್ಯಾ ನೋಡು. ಕ್ಲಿಪ್ ಹಾಕೋದು ಮರ್ತೆ" ಎಂದಳು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ಕ್ಷಮಿಸಿ. ಬಿನ್ನಿಪೇಟೆಯ ವಠಾರಕ್ಕೆ ಟಿವಿ ಬಂದ ಕಾಲದಲ್ಲಿ ತಾವು ಕೆಲಸ ಮಾಡುತ್ತಿದ್ದ ಮಿಲ್ಲಿಗೆ ರಜೆಯಿದ್ದ ದಿನ ಅಪ್ಪ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದರು. ನಾನು ಟಿವಿಯ ಮುಂದೆ. "ಬಂತಾ?" ಎಂದು ಅಪ್ಪ ಕೂಗಬೇಕು, "ಇಲ್ಲ" ಎಂದು ನಾನು ಕೂಗಬೇಕು. "ಈಗ ಬಂತಾ?" "ಬಂತು ಬಂತು... ಹೋಯ್ತು." ನಾನು ಶಾಲೆಗೋ ಆಟಕ್ಕೋ ಹೋಗಿದ್ದ ಒಂದು ದಿನ ದೊಡ್ಡಮ್ಮ, "ನಾನು ನೋಡಿ ಹೇಳ್ತೀನಿ" ಎಂದು ಉತ್ಸಾಹದಿಂದ ಟಿವಿಯ ಮುಂದೆ ಕೂತಳಂತೆ. ಅಪ್ಪ ಮೇಲಿನಿಂದ "ಬಂತಾ, ಬಂತಾ" ಎಂದು ಕೂಗಿದ್ದೇ ಕೂಗಿದ್ದು. ಕೆಳಗಿನಿಂದ ಉತ್ತರವಿಲ್ಲ. ಇಳಿದು ಬಂದು ನೋಡಿದರೆ ಚಿತ್ರ ಬಂದು ಎಷ್ಟೋ ಹೊತ್ತಾಗಿತ್ತು, ದೊಡ್ಡಮ್ಮ ಕೇಳುವವರಿಗಾಗಿ ಕಾಯುತ್ತ ಕೂತಿದ್ದಳು. ವಠಾರದವರೆಲ್ಲ ನಕ್ಕರು. ಮತ್ತೆ ಯಾರೂ ಅವಳಿಗೆ ಆ ಕೆಲಸ ಕೊಡಲಿಲ್ಲ.

ಟೆರೇಸಿಗೆ ಹೋದೆ. ಸೀರೆ ಹಾರಿ ಹೋಗಿರಲಿಲ್ಲ, ಅದು ಹಾರುವ ಜಾತಿಯದೇ ಅಲ್ಲ. ಹಳೆಯ ಕಾಲದ ದಪ್ಪ ನೂಲಿನ ಸೀರೆ, ಒದ್ದೆಯಾದರೆ ಒಂದು ಕೊಡ ನೀರು ಕುಡಿದಿರುತ್ತದೆ. ಪಕ್ಕದಲ್ಲಿ ಹೊದಿಕೆ. ಎರಡೂ ನೀಲಿ ತಂತಿಯ ಮೇಲೆ, ನೆರಿಗೆ ಬಿಡಿಸಿ, ಅಂಚಿಗೆ ಅಂಚು ಕೂಡಿಸಿ ನೀಟಾಗಿ ಹರವಿದ್ದವು. ತಂತಿ ಭಾರಕ್ಕೆ ನೆಲ ಮುಟ್ಟುವಷ್ಟು ಜೋತಿತ್ತು. ಸರೋಜಮ್ಮನವರ ಗೋಡೆಯ ಹತ್ತಿರ ಮಂಜುವಿನ ಕಪ್ಪು ಟೇಪಿನ ಗಂಟು ಎಳೆದುಕೊಂಡು ಬಾಯಿ ಬಿಟ್ಟಿತ್ತು. ಪಕ್ಕದಲ್ಲೇ ಬಟ್ಟೆ ಹಾಕಲೆಂದೇ ಕಟ್ಟಿದ ಎರಡು ಕಬ್ಬಿಣದ ತಂತಿಗಳು ಖಾಲಿ ಇದ್ದವು. ಅವು ತುಕ್ಕು ಹಿಡಿದಿದ್ದವು, ಬಿಳಿ ಬಟ್ಟೆಗೆ ಕಲೆಯಾಗುತ್ತದೆ ಎಂದು ದೊಡ್ಡಮ್ಮ ಎಷ್ಟು ದಿನದಿಂದ ಗೊಣಗುತ್ತಿದ್ದಳು. ನಾನು ಬದಲಿಸಿರಲಿಲ್ಲ, ಇಂಟರ್‌ನೆಟ್ ನೋಡುವುದರಲ್ಲಿ ಪುರಸೊತ್ತು ಎಲ್ಲಿತ್ತು? ತುಕ್ಕು ಹಿಡಿಯದ, ನುಣುಪಾದ, ಬಿಗಿಯಾದ ಹೊಸ ನೀಲಿ ತಂತಿಯನ್ನು ನಾನು ಅವಳಿಗಾಗಿಯೇ ಕಟ್ಟಿಸಿದ್ದೇನೆ ಎಂದು ಅವಳು ತಿಳಿದುಕೊಂಡಿದ್ದಳು. ಒಂದು ರೀತಿಯಲ್ಲಿ ಅದು ನಿಜವೂ ಆಗಿತ್ತು.

ಪ್ರತಿ ಭಾನುವಾರ ತಂಗಿಯ ಮಾತಿಗೆ ಕೂರುವ ಮೊದಲು, ತಂಗಿಯ ಮಾತು ಬರುವ ದಾರಿಯ ಮೇಲೆ ಅವಳು ಶ್ರದ್ಧೆಯಿಂದ ಒದ್ದೆ ಸೀರೆ ಹರವಿ ಬರುತ್ತಿದ್ದಳು. ನನಗೆ ನಗು ಬರಲಿಲ್ಲ. ಮೈಯಲ್ಲಿ ನಗುವಷ್ಟು ಶಕ್ತಿ ಇರಲಿಲ್ಲ.

ಸೀರೆ, ಹೊದಿಕೆ ಎರಡನ್ನೂ ಎಳೆದು ಹೆಗಲ ಮೇಲೆ ಹಾಕಿಕೊಂಡೆ. ಅಂಗಿಯೊಳಗೆ ನೀರು ಇಳಿಯಿತು. ಒಂದು ಕೈಯಲ್ಲಿ ಬಾಯಿ ಬಿಟ್ಟ ಗಂಟನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಂತಿಯನ್ನು ಮೇಲಕ್ಕೆ ಎತ್ತಿ ನಿಂತೆ. ಸರೋಜಮ್ಮ ಅವರ ಟೆರೇಸಿನಲ್ಲಿ ಸಂಡಿಗೆ ತಿರುವಿ ಹಾಕುತ್ತಿದ್ದರು. ಲೇಔಟು ಆಗುವುದಕ್ಕೆ ಮೊದಲು ಈ ಜಾಗವೆಲ್ಲ ಅವರ ಮಾವನ ರಾಗಿ ಹೊಲವಾಗಿತ್ತು. ಆದ್ದರಿಂದ ಇಲ್ಲಿ ಯಾರು ಏನು ಮಾಡಿದರೂ ವಿಚಾರಿಸುವ ಹಕ್ಕು ಅವರಿಗಿದೆ.

"ಯಾಕ್ ಸಾಮಿ, ಒದ್ದೆ ಸೀರೆ ಹೊದ್ಕಂಡ್ ನಿಂತಿದೀರಾ?"

"ಚಿಕ್ಕಮ್ಮ ಮಾತಾಡ್ಬೇಕು ಸರೋಜಮ್ಮ" ಎಂದೆ.

ಅವರು ನನ್ನನ್ನು, ತಂತಿಯನ್ನು, ಮತ್ತೆ ನನ್ನನ್ನು ನೋಡಿದರು. "ಇಲ್ ಕೊಡಿ ಮತ್ತೆ" ಎಂದು ಮೋಟುಗೋಡೆಯ ಮೇಲಿನಿಂದ ಬಾಗಿ ಸೀರೆ, ಹೊದಿಕೆ ಎಳೆದುಕೊಂಡು ತಮ್ಮ ದಾರದ ಮೇಲೆ ಹರವಿದರು. ನಾನು ತಂತಿಯನ್ನು ಇನ್ನಷ್ಟು ಬಿಗಿ ಮಾಡಿದೆ. ಗಂಟು ಕೂಡಿತೋ ಇಲ್ಲವೋ ತಿಳಿಯುವುದು ಹೇಗೆ? ಕೈ ಬಿಟ್ಟು ಕೆಳಗೆ ಹೋಗಿ ನೋಡುವಂತಿಲ್ಲ. ಹಳೆಯ ಅಭ್ಯಾಸ, ಮೆಟ್ಟಿಲಿನ ಕಡೆ ಬಾಗಿ ಕೂಗಿಬಿಟ್ಟೆ.

"ಬಂತಾ?"

ಕೂಗಿದ ಮೇಲೆ ನೆನಪಾಯಿತು, ಕೆಳಗೆ ಕೂತಿರುವುದು ಯಾರು ಎಂದು.

ಹಾಗೇ ನಿಂತೆ. ಎದುರು ರಸ್ತೆಯಲ್ಲಿ ಸೊಪ್ಪಿನವನು ಕೂಗುತ್ತ ಹೋದ. ಯಾರದೋ ಮನೆಯ ಕುಕ್ಕರು ಕೂಗಿತು. ಕೆಳಗಿನಿಂದ ಏನೂ ಇಲ್ಲ. ಅಪ್ಪ ಹೆಂಚಿನ ಮೇಲೆ ನಿಂತು ಆ ದಿನ ಹೀಗೇ ಕಾದಿರಬೇಕು ಎಂದುಕೊಂಡೆ. ಇನ್ನು ಕೈ ಬಿಡೋಣ, ಮಂಜುವಿಗೆ ಹೇಳಿ ನಾಳೆ ಸರಿಮಾಡಿಸೋಣ, ನಾಳೆ ಅಲ್ಲಿ ಕರೆಂಟು ಇರುತ್ತದೋ ಇಲ್ಲವೋ, ನಾಡಿದ್ದು ಮಂಗಳವಾರ ಎಂದೆಲ್ಲ ತಲೆ ಓಡುತ್ತಿತ್ತು.

ಆಗ ಕೆಳಗಿನಿಂದ ನಗು ಬಂತು. ಗೊಳ್ ಎಂದು, ಓಲಗದವರು ತಿರುಗಿ ನೋಡುತ್ತಿದ್ದ ಆ ನಗು, ತಡೆಯಲು ಬಾರದ ನಗು. ನಿಂತಿತು. ಏನೂ ಕೇಳಿಸದ ಒಂದಷ್ಟು ಹೊತ್ತು. ಮತ್ತೆ ಅದಕ್ಕಿಂತ ಜೋರಾಗಿ ಬಂತು.

ಸರೋಜಮ್ಮ ಸಂಡಿಗೆ ಬಿಟ್ಟು ಕಿವಿಗೊಟ್ಟರು. "ಏನ್ ಸಾಮಿ, ನಿಮ್ ದೊಡ್ಡಮ್ಮ ಮನೇಲಿ ಒಬ್ರೇ ಕುಂತ್ಕಂಡ್ ನಗ್ತಾವ್ರೆ?"

"ಒಬ್ರೇ ಅಲ್ಲ ಸರೋಜಮ್ಮ," ಎಂದೆ. "ಇಬ್ರು."

ಬಿಸಿಲು ಏರಿತು, ನನ್ನ ಅಂಗಿ ಮೈಮೇಲೇ ಒಣಗಿತು. ಅವರು ಏನು ಮಾತಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ತಂತಿ ಮಾತ್ರ ಬಿಡಲಿಲ್ಲ.